ಆಡಿದ ಮಾತು, ಬರೆದ ಮಾತು

ಸಮಾಜಕಾರ್ಯ ಸ್ನಾತಕೋತ್ತರ ಕೋರ್ಸಿಗೆ ಸೇರಿದಾಗ ನನಗೆ ಪಾಠಕ್ಕಿಂತ ಫೀಲ್ಡ್‌ವರ್ಕ್ ಮೇಲೆಯೇ ಕಣ್ಣು. ವಾರಕ್ಕೆ ಎರಡು ದಿನ ಸಂಸ್ಥೆಗೆ ಹೋಗಬೇಕು, ಉಳಿದ ದಿನ ಕ್ಲಾಸು. ಕ್ಲಾಸಿನಲ್ಲಿ ಕೇಳಿದ್ದು ಪರೀಕ್ಷೆಗೆ, ಹೊರಗೆ ಕಲಿತದ್ದು ಕೆಲಸಕ್ಕೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕ ತಪ್ಪು ಅಂತ ಗೊತ್ತಾಗಲು ಒಂದು ಸೆಮಿಸ್ಟರ್ ಬೇಕಾಯಿತು. ಗೊತ್ತು ಮಾಡಿಸಿದ್ದು ನಾನು ಬರೆದ ವರದಿಗಳು.

ಫೀಲ್ಡ್‌ವರ್ಕ್‌ಗೆ ಮೊದಲ ಪ್ಲೇಸ್‌ಮೆಂಟ್ ಸಿಕ್ಕಿದ್ದು ಒಂದು ಮಕ್ಕಳ ವಸತಿ ಸಂಸ್ಥೆಯಲ್ಲಿ. ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಕೇಸ್‌ವರ್ಕ್‌ಗೆ, ಅಂದರೆ ಒಬ್ಬರ ಜೊತೆ ಕೂತು ಮಾಡುವ ಕೆಲಸಕ್ಕೆ, ಕೊಟ್ಟರು. ಮಾತು ತುಂಬಾ ಕಡಿಮೆ. ಮೊದಲ ಭೇಟಿ ಮುಗಿಸಿ ನಾನು ಬರೆದ ವರದಿ ಮೂರೇ ಸಾಲು: ‘ಹುಡುಗನ ಜೊತೆ ಮಾತಾಡಿದೆ. ಧೈರ್ಯ ತುಂಬಿದೆ. ಅವನಿಗೆ ಖುಷಿಯಾಯಿತು.’

ನಮಗೆ ವಾರಕ್ಕೊಮ್ಮೆ ಸೂಪರ್‌ವೈಸರ್ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವ ಐಸಿ (ಇಂಡಿವಿಜುವಲ್ ಕಾನ್ಫರೆನ್ಸ್) ಇರುತ್ತಿತ್ತು. ಮೇಡಂ ಆ ಮೂರು ಸಾಲು ಓದಿ, “ಧೈರ್ಯ ತುಂಬಿದೆ ಅಂದರೆ ಏನು ಹೇಳಿದೆ? ಅವನಿಗೆ ಖುಷಿಯಾಯಿತು ಅಂತ ನಿನಗೆ ಹೇಗೆ ಗೊತ್ತಾಯ್ತು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲದಿಂದ ಪ್ರೊಸೆಸ್ ರೆಕಾರ್ಡಿಂಗ್ ಮಾಡು ಅಂದರು. ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಬೇಕು. ಒಂದರಲ್ಲಿ ಯಾರು ಏನು ಹೇಳಿದರು, ಇನ್ನೊಂದರಲ್ಲಿ ಆಗ ನನಗೆ ಏನನ್ನಿಸಿತು, ಮೂರನೆಯದರಲ್ಲಿ ಈಗ ಯೋಚಿಸಿದರೆ ಏನು ಕಾಣುತ್ತದೆ. ಮಗುವಿನ ಎದುರು ಪೆನ್ನು ಹಿಡಿಯುವ ಹಾಗಿಲ್ಲ. ಅವತ್ತೇ ರಾತ್ರಿ ನೆನಪಿನಿಂದ ಬರೆಯಬೇಕು. ನಿಜವಾದ ಹೆಸರು ಎಲ್ಲೂ ಬರಬಾರದು.

ನಲವತ್ತು ನಿಮಿಷದ ಮಾತುಕತೆ ಬರೆಯಲು ಮೂರು ಗಂಟೆ ಹಿಡಿಯಿತು. ಬರೆದು ಓದಿದಾಗ ಎದೆ ಧಸಕ್ ಅಂದಿತು. ಮಾತೆಲ್ಲಾ ನನ್ನದೇ. ಒಂದರ ಮೇಲೊಂದು ಪ್ರಶ್ನೆ ಕೇಳಿದ್ದೆ, ಅವನು ಹ್ಞೂಂ, ಊಹ್ಞೂಂ ಅಂದಿದ್ದ. ಎರಡು ಸಲ ಮಾತ್ರ ತಾನಾಗಿ ಬಾಯಿ ಬಿಟ್ಟಿದ್ದ, ಎರಡು ಸಲವೂ ಅಮ್ಮನ ಬಗ್ಗೆ. ಎರಡು ಸಲವೂ ನಾನು ತಕ್ಷಣ ‘ಸ್ಕೂಲ್ ಹೇಗಿದೆ?’ ಅಂತ ಮಾತು ತಿರುಗಿಸಿದ್ದೆ. ಪಕ್ಕದ ಕಾಲಂನಲ್ಲಿ ಏನು ಬರೆಯಲಿ? ತುಂಬಾ ಹೊತ್ತು ಕೂತು, ‘ಅವನು ಅತ್ತುಬಿಡುತ್ತಾನೆ ಅಂತ ಭಯವಾಯಿತು’ ಅಂತ ಬರೆದೆ.

ಮೇಡಂ ಬೈಯಲಿಲ್ಲ. “ಅತ್ತಿದ್ದರೆ ಏನಾಗುತ್ತಿತ್ತು?” ಅಂತ ಕೇಳಿದರು, ಅಷ್ಟೇ.

ಆ ವಾರವೇ ಕ್ಲಾಸಿನಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಬರೆದ ಕೇಸ್‌ವರ್ಕ್‌ನ ಏಳು ತತ್ವಗಳ ಪಾಠ ನಡೆಯುತ್ತಿತ್ತು. ಎದುರಿಗಿರುವವರಿಗೆ ತಮ್ಮ ಭಾವನೆ ಹೊರಹಾಕಲು ಜಾಗ ಕೊಡಬೇಕು, ಕೆಲಸ ಮಾಡುವವರು ತಮ್ಮ ಭಾವನೆಯ ಮೇಲೆ ಹಿಡಿತ ಇಟ್ಟುಕೊಳ್ಳಬೇಕು ಅನ್ನುವುದು ಅದರಲ್ಲಿ ಎರಡು. ಪರೀಕ್ಷೆಗಂತ ಬಾಯಿಪಾಠ ಮಾಡಿಟ್ಟಿದ್ದೆ. ಅವೆರಡನ್ನೂ ನಾನು ಎಲ್ಲಿ ಮುರಿದೆ ಅನ್ನುವುದು ನನ್ನದೇ ಕೈಬರಹದಲ್ಲಿತ್ತು. ಆಮೇಲೆ ಥಿಯರಿ ಪಾಠವನ್ನು ಕೇಳುವ ರೀತಿಯೇ ಬದಲಾಯಿತು. ಯಾವುದಾದರೂ ಪರಿಕಲ್ಪನೆ ಬಂದರೆ, ಇದು ನನ್ನ ವರದಿಯ ಯಾವ ಸಾಲಿನ ಮಾತು ಅಂತ ಹುಡುಕುತ್ತಿದ್ದೆ.

ಗೋಪ್ಯತೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ‘ಯಾರಿಗೂ ಹೇಳಲ್ಲ’ ಅಂತ ಯಾವತ್ತೂ ಮಾತು ಕೊಡಬೇಡಿ. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಸೂಪರ್‌ವೈಸರ್‌ಗೆ ಹೇಳಲೇಬೇಕು. ಇದನ್ನು ಮೊದಲ ಭೇಟಿಯಲ್ಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿಡಬೇಕು.

ಇನ್ನೊಂದು ತಪ್ಪು ಈಗಲೂ ಚುಚ್ಚುತ್ತದೆ. ಒಂದು ದಿನ ಹೊರಡುವಾಗ ‘ಮುಂದಿನ ಸೋಮವಾರ ಖಂಡಿತ ಬರ್ತೀನಿ’ ಅಂದೆ. ಆ ಸೋಮವಾರ ಇಂಟರ್ನಲ್ ಪರೀಕ್ಷೆ ಬಂತು. ಸಂಸ್ಥೆಗೆ ಫೋನ್ ಮಾಡಿ ತಿಳಿಸಿದ್ದೆ, ಹುಡುಗನಿಗೆ ಯಾರೂ ಹೇಳಿರಲಿಲ್ಲ. ಸಂಜೆವರೆಗೂ ಗೇಟಿನ ಹತ್ತಿರ ನಿಂತಿದ್ದ ಅಂತ ಆಮೇಲೆ ಗೊತ್ತಾಯಿತು. ಬಿಟ್ಟುಹೋಗುವವರನ್ನೇ ನೋಡಿ ಬೆಳೆದ ಮಗು ಅದು. ಮುಂದಿನ ಭೇಟಿಯಲ್ಲಿ ಕ್ಷಮೆ ಕೇಳಿದೆ. ಮತ್ತೆ ಬಾಯಿ ಬಿಡಲು ಅವನಿಗೆ ನಾಲ್ಕು ವಾರ ಬೇಕಾಯಿತು.

ಆಮೇಲೆ ಒಂದು ಕ್ಯಾಲೆಂಡರ್ ಹಾಳೆ ತಂದು ಇಬ್ಬರೂ ಕೂತು ಗುರುತು ಹಾಕಿದೆವು. ನಾನು ಬರುವ ದಿನ, ಬರದ ದಿನ, ನನ್ನ ಕೊನೆಯ ದಿನ. ಇದನ್ನು ಮೊದಲ ವಾರವೇ ಮಾಡಬೇಕಿತ್ತು. ಸಂಬಂಧ ಮುಗಿಸುವುದನ್ನು ಪಠ್ಯದಲ್ಲಿ ಕೊನೆಯ ಹಂತ ಅಂತ ಹಾಕಿರುತ್ತಾರೆ, ಕೆಲಸದಲ್ಲಿ ಅದರ ತಯಾರಿ ಮೊದಲ ದಿನವೇ ಶುರುವಾಗಬೇಕು. ಕೊನೆಯ ಭೇಟಿಯಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ, “ಮುಂದಿನ ಸೋಮವಾರ ಯಾರು ಬರ್ತಾರೆ?” ಮುಂದೆ ಬರುವ ವಿದ್ಯಾರ್ಥಿಗೆ ಕೊಡಲು ಕೇಸಿನ ಸಾರಾಂಶ ಆಗಲೇ ಬರೆದಿಟ್ಟಿದ್ದೆ. ಹಾಗಾಗಿ ಹೆಸರು ಹೇಳಿ ಉತ್ತರ ಕೊಡಲು ಸಾಧ್ಯವಾಯಿತು.

ಗ್ರೂಪ್‌ವರ್ಕ್, ಅಂದರೆ ಮಕ್ಕಳ ಗುಂಪಿನ ಜೊತೆಗಿನ ಕೆಲಸ, ಅದೇ ಸಂಸ್ಥೆಯಲ್ಲಿ ಮಾಡಿದೆ. ಮಕ್ಕಳ ಜಗಳವನ್ನು ಸೋಲು ಅಂತ ತಿಳಿಯದೆ, ಗುಂಪು ಬೆಳೆಯುವ ಒಂದು ಹಂತ ಅಂತ ನೋಡಲು ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ಹಂತಗಳು ಸಹಾಯ ಮಾಡಿದವು.

ಎರಡನೇ ವರ್ಷ ಆಸ್ಪತ್ರೆ. ಪಾರ್ಶ್ವವಾಯು ಆದ ಒಬ್ಬ ತಾಯಿ, ನೋಡಿಕೊಳ್ಳಲು ಮಗಳು. ಫೈಲಿನಲ್ಲಿ ‘ಮಗಳು ಸಹಕರಿಸುತ್ತಿಲ್ಲ’ ಅಂತ ಬರೆದಿತ್ತು. ನಾನು ಆಕೆಯ ಜೊತೆ ಕೂತು ಇಕೋಮ್ಯಾಪ್ ಬಿಡಿಸಿದೆ. ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಸರಳ ಚಿತ್ರ ಅದು: ನಡುವೆ ಮನೆಯವರ ವೃತ್ತ, ಸುತ್ತ ಕೆಲಸ, ನೆಂಟರು, ಶಾಲೆ, ಆಸ್ಪತ್ರೆ. ಯಾವ ಕಡೆಗೆ ಶಕ್ತಿ ಹರಿಯುತ್ತದೆ ಅಂತ ಬಾಣ ಹಾಕಬೇಕು. ಬಾಣಗಳೆಲ್ಲಾ ಆಕೆಯಿಂದ ಹೊರಗೇ ಹೋಗುತ್ತಿದ್ದವು, ಒಳಗೆ ಬಂದದ್ದು ಒಂದೂ ಇಲ್ಲ. ಆ ಹಾಳೆ ನೋಡಿ ಆಕೆಯೇ ಸುಮ್ಮನಾದರು. ನಾನೂ ಸುಮ್ಮನೆ ಕೂತೆ. ಈ ಸಲ ಮಾತು ತಿರುಗಿಸಲಿಲ್ಲ. ಅದೇ ಹಾಳೆ ಹಿಡಿದುಕೊಂಡು ವಾರ್ಡಿನ ತಂಡದ ಮೀಟಿಂಗ್‌ನಲ್ಲಿ ಮಾತಾಡಿದೆ. ಮನೆ ಆರೈಕೆಯ ತರಬೇತಿಯನ್ನು ಆಕೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಬದಲಾಯಿಸಿದರು. ಬೇಸರ ಪಡುತ್ತಾ ಓದಿದ್ದ ಸಾಮಾಜಿಕ ನೀತಿಯ ಪೇಪರ್ ಇಲ್ಲಿ ಕೈ ಹಿಡಿಯಿತು. ಯಾವ ಸೌಲಭ್ಯಕ್ಕೆ ಯಾರು ಅರ್ಹರು, ಅರ್ಜಿ ತಿರಸ್ಕರಿಸಿದರೆ ಯಾರಿಗೆ ಮೇಲ್ಮನವಿ ಕೊಡಬೇಕು ಅನ್ನುವುದು ಗೊತ್ತಿಲ್ಲದ ಸಮಾಜಕಾರ್ಯಕರ್ತರಿಂದ ಆ ಮಗಳಿಗೆ ಏನು ಉಪಯೋಗ, ಅಲ್ವಾ?

ಕೋರ್ಸ್ ಆರಿಸುವವರು ನನ್ನನ್ನು ಫೀಲ್ಡ್‌ವರ್ಕ್ ಎಷ್ಟು ಗಂಟೆ ಇರಬೇಕು ಅಂತ ಕೇಳುತ್ತಾರೆ. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿ ಪದವಿಗೆ ಕನಿಷ್ಠ 400, ಸ್ನಾತಕೋತ್ತರಕ್ಕೆ 900 ಗಂಟೆ ಅಂತ ನಿಗದಿ ಮಾಡಿದೆ. ಬೇರೆ ದೇಶಗಳಲ್ಲಿ ಬೇರೆ ನಿಯಮ. ಗಂಟೆ ಮುಖ್ಯ, ನಿಜ. ಆದರೆ ಸೇರುವ ಮೊದಲು ಇನ್ನೆರಡು ವಿಷಯ ವಿಚಾರಿಸಿ: ನಿಮ್ಮ ವರದಿಯನ್ನು ಸಾಲು ಬಿಡದೆ ಓದುವವರು ಯಾರು? ವಾರಕ್ಕೆ ಎಷ್ಟು ಹೊತ್ತು ನಿಮ್ಮ ಜೊತೆ ಕೂರುತ್ತಾರೆ? ಇದಕ್ಕೆ ಸರಿಯಾದ ಉತ್ತರ ಸಿಗದ ಕಡೆ ಸಂಸ್ಥೆಯ ಫೈಲು ಜೋಡಿಸುವುದರಲ್ಲೇ ವರ್ಷ ಕಳೆದವರನ್ನು ಕಂಡಿದ್ದೇನೆ.

ಈಗ ನಾನೇ ಸೂಪರ್‌ವೈಸರ್. ಮೊನ್ನೆ ಒಬ್ಬ ವಿದ್ಯಾರ್ಥಿ ನಾಲ್ಕು ಪುಟದ ವರದಿ ತಂದಿದ್ದ. ನಡುವೆ ಎರಡು ಸಾಲು ಖಾಲಿ. “ಇಲ್ಲಿ ನಾನು ಹೇಳಿದ್ದನ್ನ ಬರೆಯೋಕೆ ಒಂಥರಾ ಆಗುತ್ತೆ ಮೇಡಂ” ಅಂದ. ಪುಟ ತಿರುಗಿಸದೆ, ಆ ಖಾಲಿ ಜಾಗದಿಂದಲೇ ಅವತ್ತಿನ ಐಸಿ ಶುರು ಮಾಡಿದೆವು.