ಊಟದ ತಟ್ಟೆಯ ಇಂಗಾಲ ಇಳಿಸುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡ ಕೊಡಗಿನವರಿಗೆ ಹವಾಮಾನದ ಮಾತು ದೂರದ್ದೇನಲ್ಲ. ಆದರೂ ಹೊಗೆಯೆಂದರೆ ವಾಹನ, ಕಾರ್ಖಾನೆ ಎಂದಷ್ಟೇ ತಿಳಿಯುತ್ತೇವೆ. ಮನುಷ್ಯರಿಂದ ಹೊರಬೀಳುವ, ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆಹಾರದ್ದು. ಗದ್ದೆ, ಕೊಟ್ಟಿಗೆ, ಗೊಬ್ಬರ, ಸಾಗಣೆ, ಒಲೆ, ತಿಪ್ಪೆ ಎಲ್ಲವೂ ಆ ಲೆಕ್ಕದಲ್ಲಿವೆ.

ಮೊದಲು ಮಾಡಬೇಕಾದದ್ದು ಮಿಕ್ಕಿದ್ದರ ಲೆಕ್ಕ. ಒಂದು ವಾರ ಎಸೆದದ್ದನ್ನೆಲ್ಲ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ದಿನವೂ ಅನ್ನ ಉಳಿಯುತ್ತಿದ್ದರೆ ಮರುವಾರ ಅಕ್ಕಿಯನ್ನು ಅಷ್ಟು ಕಡಿಮೆ ಅಳೆಯಿರಿ. ನೀರು ನಿಂತ ಗದ್ದೆಯಿಂದ ಮೀಥೇನ್ ಎಂಬ ಹಸಿರುಮನೆ ಅನಿಲ ಏಳುತ್ತದೆ. ಚೆಲ್ಲಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೊಳೆತು ಇನ್ನೊಮ್ಮೆ ಅದೇ ಅನಿಲ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ. ತರಕಾರಿ ಸಿಪ್ಪೆಯನ್ನು ಒಣ ಎಲೆ, ಕಾಫಿ ಸಿಪ್ಪೆಯೊಂದಿಗೆ ಗುಂಡಿಗೆ ಹಾಕಿ, ಗಾಳಿಯಾಡುವಂತೆ ಆಗಾಗ ಮಗುಚಿ.

ಎರಡನೆಯದು ಮಾಂಸ. ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ಬಿಡಿ ಎಂದು ನಾನು ಹೇಳುವುದಿಲ್ಲ. ಮೆಲುಕು ಹಾಕುವ ದನ, ಆಡು, ಕುರಿಗಳ ಹೊಟ್ಟೆಯಲ್ಲಿ ಹುಟ್ಟುವಷ್ಟು ಮೀಥೇನ್ ಹಂದಿ, ಕೋಳಿಗಳಲ್ಲಿ ಹುಟ್ಟುವುದಿಲ್ಲ. ಕಾಳುಗಳ ಪಾಲಂತೂ ಇನ್ನೂ ಕಡಿಮೆ. ಹಾಗಾಗಿ ಮಟನ್ ತರುವ ವಾರಗಳಲ್ಲಿ ಒಂದೆರಡನ್ನು ಹುರುಳಿಗೆ, ಅವರೆಗೆ ಬಿಟ್ಟುಕೊಡಿ. ಇಡೀ ಪಟ್ಟಿಯಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ.

ಆಮೇಲೆ ಋತುವಿನ ಊಟ. ಲಾರಿಯಲ್ಲಿ ಬಂದ ತರಕಾರಿಗೆ ನಾವು ಅಂದುಕೊಂಡಷ್ಟು ಇಂಗಾಲದ ಹೊರೆಯಿಲ್ಲ. ವಿಮಾನದಲ್ಲಿ ಬಂದ ಹಣ್ಣಿಗೆ ಬಹಳ ಇದೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಹಿತ್ತಲೇ ತುಂಬಿರುವಾಗ ಎರಡೂ ಏಕೆ ಬೇಕು? ಸ್ವಂತ ಜಾಗದ ಅಥವಾ ಸಂತೆಯ ಕಣಿಲೆ (ಎಳೆ ಬಿದಿರಿನ ಮೊಳಕೆ) ತನ್ನಿ. ಹೊರಪದರ ಸುಲಿಯುತ್ತಾ ಹೋದರೆ ಒಳಗೆ ದಂತದ ಬಣ್ಣದ ಎಳೆಯ ತಿರುಳು ಸಿಗುತ್ತದೆ. ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ಕುದಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಇದರಲ್ಲಿ ಅವಸರ ಸಲ್ಲದು. ಕೆಸದ ಎಲೆಯ ತುರಿಕೆಗೆ ಹುಳಿಯಿದೆ, ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಯಾದರೂ ಆದೀತು. ಅಣಬೆಯನ್ನು ಮಾತ್ರ ಖಚಿತವಾಗಿ ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿದ್ದರೆ ತನ್ನಿ, ಇಲ್ಲದಿದ್ದರೆ ಬೇಡವೇ ಬೇಡ.

ಕೊನೆಗೆ ಒಲೆ. 14.2 ಕಿಲೋ ಅನಿಲದ ಒಂದು ಸಿಲಿಂಡರ್ ಉರಿದು ಮುಗಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಾಳನ್ನು ರಾತ್ರಿಯೇ ನೆನೆಸಿ, ಕುಕ್ಕರಿನಲ್ಲಿ ಬೇಯಿಸಿ. ಅಕ್ಕಿತರಿಯ ಉಂಡೆ ಕಡಂಬಿಟ್ಟನ್ನು ಹಬೆಗಿಟ್ಟಾಗ ಪಾತ್ರೆಯ ಮೂಲೆಯಲ್ಲಿ ನಾಲ್ಕು ತುಂಡು ಗೆಣಸನ್ನೂ ಇಡಿ; ಮಕ್ಕಳ ಸಂಜೆಯ ತಿಂಡಿಗೆ ಮತ್ತೆ ಒಲೆ ಹಚ್ಚಬೇಕಾಗಿಲ್ಲ.