ಸಜ್ಜನ ದೊರೆ ಖಳನಾಗುವ ಬಗೆ: ಆಟದ ಕಥೆ ಬರೆಯುವವರಿಗೆ

ಕಳೆದ ಮಳೆಗಾಲದ ಒಂದು ಭಾನುವಾರ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ, ನಾನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಕನ್ನಡ ವಿಡಿಯೊ ಗೇಮಿನ ಮೊದಲ ಅಧ್ಯಾಯವನ್ನು ಅಕ್ಕನ ಮಗನ ಕೈಗೆ ಕೊಟ್ಟೆ. ಬರಗಾಲದಲ್ಲಿ ತನ್ನ ಕಣಜವನ್ನು ಊರಿಗೆ ತೆರೆದುಕೊಟ್ಟ ಪಾಳೆಯಗಾರನೊಬ್ಬ ಕ್ರಮೇಣ ರಾಜ್ಯವನ್ನೇ ನುಂಗಲು ಹೊರಡುವುದು ಅದರ ಕಥೆ. ಪಾಳೆಯಗಾರನ ಚಿತ್ರ ಪರದೆಯ ಮೇಲೆ ಮೂಡಿದ್ದೇ ತಡ, ಹುಡುಗ "ಮಾಮ, ಕಡೆಗೆ ಇವನನ್ನೇ ಅಲ್ವಾ ಹೊಡೆಯೋದು?" ಎಂದು ಕೇಳಿಬಿಟ್ಟ. ಪಾಳೆಯಗಾರ ಆಗಿನ್ನೂ ಒಂದು ಮಾತನ್ನೂ ಆಡಿರಲಿಲ್ಲ. ತಪ್ಪು ನನ್ನದು, ಅವನಿಗೆ ಕಿರಿದಾದ ಕಣ್ಣು, ಚೂಪು ಮೀಸೆ, ಕಪ್ಪು ಶಾಲು ಬರೆದವನು ನಾನೇ.

ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೆ, ಎಂದರೆ ರಕ್ಕಸ ಪಾತ್ರಕ್ಕೆ, ಮುಖದ ತುಂಬ ಚಿಟ್ಟಿಯ ಬಿಳಿ ಚುಕ್ಕಿ ಇಟ್ಟು ರಂಗಕ್ಕೆ ಕಳುಹಿಸುವುದು ಸರಿಯೇ, ಏಕೆಂದರೆ ಅವನು ರಕ್ಕಸನೆಂದು ಸಭೆಗೆ ದೂರದಿಂದಲೇ ತಿಳಿಯಬೇಕು. ಆದರೆ ಮುಂದೆ ಕೆಡಬೇಕಾದ ಸಜ್ಜನನ ಮುಖದಲ್ಲಿ ಅಂಥ ಸುಳಿವು ಒಂದೂ ಇರಕೂಡದು. ಆದ್ದರಿಂದ ಮೊದಲ ಕೆಲಸವೆಂದರೆ, ಈತ ಕೆಡುವವನು ಎಂಬುದನ್ನು ಬರೆಯುವವರಾದ ನೀವೇ ಮೊದಲ ಅಧ್ಯಾಯದ ಮಟ್ಟಿಗೆ ಮರೆತುಬಿಡುವುದು. ಅವನ ಕೋಟೆಯ ಗೋಡೆಗೆ ಬಿರುಕು, ತೋಟದಲ್ಲಿ ಕಾಗೆ, ಹಿನ್ನೆಲೆಯಲ್ಲಿ ಶೋಕದ ಕೊಳಲು ಇವೆಲ್ಲ ಬೇಡ.

ಅವನು ಒಳ್ಳೆಯವನೆಂದು ಬೇರೆ ಪಾತ್ರಗಳ ಬಾಯಲ್ಲಿ ಹೇಳಿಸಿದರೆ ಆಡುವವರು ನಂಬುವುದಿಲ್ಲ. ಅವನ ಒಳ್ಳೆಯತನದಿಂದ ಆಡುವವರಿಗೇ ಲಾಭವಾಗಬೇಕು. ನನ್ನ ಆಟದಲ್ಲಿ ಈಗ ನಾಯಕಿ ಹಸಿದು ಊರು ಸೇರಿದಾಗ ಕಣಜದ ಮುಂದೆ ಸಾಲು ನಿಂತಿರುತ್ತದೆ, ಪಾಳೆಯಗಾರ ತಾನೇ ಕುಳಿತು ಅಕ್ಕಿ ಅಳೆಯುತ್ತಿರುತ್ತಾನೆ. ಸೇರು ತುಂಬಿದ ಮೇಲೂ ಒಂದು ಹಿಡಿ ಸುರಿದು, ಅಕ್ಕಿ ಗೋಪುರದಂತೆ ನಿಂತು ಅಂಚಿನಿಂದ ಜಾರತೊಡಗಿದಾಗಲೇ ಅವನು ಅದನ್ನು ಸೆರಗಿಗೆ ಸುರಿಯುವುದು. ಆಟದ ಲೆಕ್ಕದಲ್ಲಿ ಆ ಒಂದು ಹಿಡಿಗೆ ಬೆಲೆಯಿದೆ: ನಾಯಕಿಯ ಶಕ್ತಿ ಅರ್ಧದ ಬದಲು ಪೂರ್ತಿ ತುಂಬುತ್ತದೆ. ಎರಡನೆಯ ಅಧ್ಯಾಯದಲ್ಲಿ ಅದೇ ಸೇರು, ಅದೇ ಕೈ. ಆದರೆ ಕೋಲೊಂದನ್ನು ಅಂಚಿನ ಮೇಲೆ ಎಳೆದು ಅಕ್ಕಿಯನ್ನು ಸಮ ಮಾಡುತ್ತಾನೆ. ಅನ್ಯಾಯವೇನಲ್ಲ, ಎಲ್ಲರಿಗೂ ಸಿಗಲಿ ಎಂದು ಅವನು ಹೇಳುವ ಕಾರಣವೂ ನಿಜವೇ. ಮೂರನೆಯ ಅಧ್ಯಾಯಕ್ಕೆ ಬರುವಾಗ ಅಳೆಯುವ ಆಳು ಬೇರೆ, ಪಾಳೆಯಗಾರ ಮೇಲಿನ ಜಗಲಿಯಲ್ಲಿ ನಿಂತು ನೋಡುತ್ತಿರುತ್ತಾನೆ. ಇಂಥ ಒಂದು ವಸ್ತು ಸಿಕ್ಕಿತೆಂದರೆ ಪತನವನ್ನು ವಿವರಿಸುವ ಸಂಭಾಷಣೆಯ ಅರ್ಧ ಭಾಗವನ್ನು ಅಳಿಸಿಹಾಕಬಹುದು.

ಇನ್ನು ಪತನದ ಕಾರಣ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಲ್ಲಿಗೆ: ಸಜ್ಜನನಿಗೆ ಇದ್ದಕ್ಕಿದ್ದಂತೆ ಅಧಿಕಾರದ ಆಸೆ ಹುಟ್ಟಿತು ಎಂದು ಬರೆದು ಮುಗಿಸುತ್ತಾರೆ. ಆಸೆ ಹಾಗೆ ಗಾಳಿಯಲ್ಲಿ ಹುಟ್ಟುವುದಿಲ್ಲ. ಇದಕ್ಕೆ ನಮ್ಮಲ್ಲೇ ಇರುವ ಒಳ್ಳೆಯ ಮಾದರಿ ಮಹಾಭಾರತದ ನಹುಷ. ವೃತ್ರನನ್ನು ಕೊಂದ ಪಾಪಕ್ಕೆ ಹೆದರಿ ಇಂದ್ರ ತಲೆಮರೆಸಿಕೊಂಡಾಗ ಸ್ವರ್ಗಕ್ಕೆ ಒಡೆಯನಿಲ್ಲದಂತಾಗುತ್ತದೆ. ದೇವತೆಗಳೂ ಋಷಿಗಳೂ ಕೂಡಿ, ಧರ್ಮಿಷ್ಠನೆಂದು ಹೆಸರಾದ ನಹುಷನ ಬಳಿಗೆ ಬರುತ್ತಾರೆ. ತಾನು ದುರ್ಬಲ, ತನ್ನಿಂದ ಆಗದು ಎಂದು ಅವನು ಹಿಂದೆಗೆಯುತ್ತಾನೆ. ಆಗ ಅವರೇ, ನಿನ್ನ ಕಣ್ಣಿಗೆ ಬಿದ್ದವರ ತೇಜಸ್ಸೆಲ್ಲ ನಿನಗೆ ಸೇರಲಿ ಎಂದು ವರ ಕೊಟ್ಟು ಪಟ್ಟಕ್ಕೇರಿಸುತ್ತಾರೆ. ಮುಂದಿನದು ಎಲ್ಲರಿಗೂ ಗೊತ್ತು: ಅವನ ಕಣ್ಣು ಇಂದ್ರನ ಹೆಂಡತಿ ಶಚಿಯ ಮೇಲೆ ಬೀಳುತ್ತದೆ, ಋಷಿಗಳು ಪಲ್ಲಕ್ಕಿ ಹೊರಬೇಕಾಗುತ್ತದೆ, "ಸರ್ಪ, ಸರ್ಪ" (ನಡೆ, ನಡೆ) ಎಂದು ಅವಸರಪಡಿಸುತ್ತ ಅಗಸ್ತ್ಯರಿಗೆ ಕಾಲು ತಾಗಿಸಿದವನು ಸರ್ಪವೇ ಆಗಿ ಉರುಳುತ್ತಾನೆ.

ಆಟ ಕಟ್ಟುವವರು ಈ ಕಥೆಯಲ್ಲಿ ಗಮನಿಸಬೇಕಾದದ್ದು ಪಲ್ಲಕ್ಕಿಯನ್ನಲ್ಲ, ವರವನ್ನು. ನಹುಷ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ಬೇರೆಯವರು ತಮ್ಮ ನಿಜವಾದ ಕಷ್ಟಕ್ಕೆ, ಬೇಡವೆಂದವನನ್ನು ಒಪ್ಪಿಸಿ ಕೊಟ್ಟರು, ಕೊಡುವಾಗ ಹಿಂದಕ್ಕೆ ಪಡೆಯುವ ಕರಾರನ್ನು ಮಾತ್ರ ಮಾಡಿಕೊಳ್ಳಲಿಲ್ಲ. ಆ ವರ ಕೊಟ್ಟವರ ಜಾಗದಲ್ಲಿ ಆಡುವವರನ್ನು ನಿಲ್ಲಿಸಿ. ನನ್ನ ಆಟದಲ್ಲಿ ನಾಯಕಿ ಮೂರು ಬಾರಿ ತನ್ನ ಕೈಯಾರೆ ಅವನಿಗೆ ಏನನ್ನೋ ತಂದುಕೊಡುತ್ತಾಳೆ: ಮೊದಲು ನೆರೆಯೂರಿನ ಕಣಜದ ಕೀಲಿಕೈ, ಆಮೇಲೆ ಕೋಟೆಯ ಹೆಬ್ಬಾಗಿಲಿನದು, ಕೊನೆಗೆ ರಾಜಮುದ್ರೆ. ಪ್ರತಿ ಬಾರಿಯೂ ಒಂದು ನಿಜವಾದ ಸಮಸ್ಯೆ ಬಗೆಹರಿಯುತ್ತದೆ. ಎರಡನೆಯ ಕೀಲಿಕೈ ಸಿಕ್ಕಿದ ರಾತ್ರಿಯೇ ದಂಡುಕೋರರು ಬರುತ್ತಾರೆ, ಬಾಗಿಲು ಭದ್ರವಾಗಿದ್ದುದರಿಂದ ಊರು ಉಳಿಯುತ್ತದೆ. ಕೊಟ್ಟದ್ದು ತಪ್ಪೆಂದು ಆ ಹೊತ್ತಿಗೆ ಯಾರಿಗೂ ಅನಿಸಬಾರದು.

ಕೊಡದಿರುವ ಆಯ್ಕೆಯೂ ಇರಲಿ, ಆದರೆ ಅದು ಪುಣ್ಯದ ಅಡ್ಡದಾರಿ ಆಗಬಾರದು. ಕೀಲಿಕೈಯನ್ನು ತಡೆಹಿಡಿದರೆ ದಂಡುಕೋರರು ಒಳಗೆ ನುಗ್ಗುತ್ತಾರೆ, ಮೊದಲ ಅಧ್ಯಾಯದಲ್ಲಿ ನಾಯಕಿಗೆ ಕಂಬಳಿ ಕೊಟ್ಟ ಅಜ್ಜಿಯ ಮನೆ ಸುಡುತ್ತದೆ. ಎರಡು ದಾರಿಯಲ್ಲೂ ನಷ್ಟವಿದ್ದಾಗಲೇ ಆಡುವವರು ಒಂದು ಕ್ಷಣ ನಿಂತು ಯೋಚಿಸುವುದು.

ದೊಡ್ಡ ಆಟಗಳಲ್ಲಿ ಇದನ್ನು ಚೆನ್ನಾಗಿ ಮಾಡಿದ್ದು ಬ್ಲಿಝರ್ಡ್ ಸಂಸ್ಥೆಯ 2002ರ ವಾರ್‌ಕ್ರಾಫ್ಟ್ 3. ಅದರ ಯುವರಾಜ ಆರ್ಥಸ್ ಪ್ರಜೆಗಳಿಗಾಗಿ ಜೀವ ಕೊಡಬಲ್ಲ ಧರ್ಮಯೋಧ. ಸ್ಟ್ರಾಥೋಲ್ಮ್ ನಗರಕ್ಕೆ ವಿಷದ ಧಾನ್ಯ ಹಂಚಿಹೋಗಿ, ಅದನ್ನು ತಿಂದವರು ನಡೆದಾಡುವ ಹೆಣಗಳಾಗುವುದು ಖಚಿತವಾದಾಗ, ಅವರು ಹಾಗಾಗುವ ಮೊದಲೇ ಊರನ್ನೆಲ್ಲ ಕೊಲ್ಲಬೇಕೆಂದು ಅವನು ತೀರ್ಮಾನಿಸುತ್ತಾನೆ. ಗುರು ಉಥರ್ ಒಪ್ಪುವುದಿಲ್ಲ, ಪ್ರೀತಿಸಿದ ಜೈನಾ ಮುಖ ತಿರುಗಿಸಿ ನಡೆಯುತ್ತಾಳೆ. ಆದರೆ ಮೌಸ್ ಹಿಡಿದ ನಾವು ಎಲ್ಲಿಗೂ ನಡೆಯುವಂತಿಲ್ಲ. ಮನೆಮನೆಯ ಬಾಗಿಲು ಒಡೆಯುವ ಕೆಲಸ ನಮ್ಮದೇ. ಫ್ರಾಸ್ಟ್‌ಮೋರ್ನ್ ಎಂಬ ಶಾಪದ ಕತ್ತಿ ಅವನ ಆತ್ಮವನ್ನು ಕಸಿಯುವುದೂ, ಅವನು ತಂದೆಯನ್ನು ಸಿಂಹಾಸನದ ಮುಂದೆಯೇ ಕೊಲ್ಲುವುದೂ ಇದಾದ ಮೇಲಿನ ಮಾತು. ಈ ಅನುಕ್ರಮವೇ ಮುಖ್ಯ. ಕತ್ತಿ ಮೊದಲು ಬಂದಿದ್ದರೆ ಪಾಪವೆಲ್ಲ ಕತ್ತಿಯದಾಗುತ್ತಿತ್ತು, ಆರ್ಥಸ್ ಬರೀ ರೋಗಿಯಾಗುತ್ತಿದ್ದ. ನಿಮ್ಮ ಕಥೆಯಲ್ಲಿ ಮಂತ್ರದ ಉಂಗುರವೋ ಕಿರೀಟವೋ ಇದ್ದರೆ ಇರಲಿ, ಆದರೆ ಅದು ಅವನ ಕೈ ಸೇರುವ ಮೊದಲೇ ಅವನು ಕ್ಷಮಿಸಲಾಗದ ಒಂದು ತೀರ್ಮಾನವನ್ನು ಪೂರ್ತಿ ಎಚ್ಚರದಲ್ಲಿ ತೆಗೆದುಕೊಂಡಿರಬೇಕು.

2009ರ ಡ್ರ್ಯಾಗನ್ ಏಜ್: ಆರಿಜಿನ್ಸ್ ಆಟದ ಲೋಗೇನ್‌ನದು ಬೇರೆ ಬಗೆ. ರಾಜನನ್ನು ರಣರಂಗದಲ್ಲಿ ಬಿಟ್ಟು ಸೈನ್ಯವನ್ನು ಹಿಂದಕ್ಕೆ ಕರೆದೊಯ್ಯುವ ಆ ಸೇನಾನಿಯ ದ್ರೋಹದಲ್ಲಿ ನಮ್ಮ ಕೈಯಿಲ್ಲ. ಆದರೆ ಕೊನೆಗೆ ಅವನನ್ನು ಕೊಲ್ಲುವುದೋ ಉಳಿಸಿ ಜೊತೆಗೆ ಸೇರಿಸಿಕೊಳ್ಳುವುದೋ ಎಂಬುದು ನಮಗೇ ಬಿಟ್ಟದ್ದು, ಉಳಿಸಿದರೆ ಆತ್ಮೀಯನಾದ ಅಲಿಸ್ಟೇರ್ ನಮ್ಮನ್ನು ತೊರೆಯುತ್ತಾನೆ.

ತಾಂತ್ರಿಕ ಭಾಗದಲ್ಲಿ ಹೇಳುವುದು ಹೆಚ್ಚಿಲ್ಲ. ಪಾಪಪುಣ್ಯವನ್ನು ಒಂದೇ ಪಟ್ಟಿಯಲ್ಲಿ ಅಳೆಯುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಒಂದೇ ಪಟ್ಟಿಯಲ್ಲಿ ನಿಮ್ಮ ದೊರೆ ಬಲಗಡೆಯಿಂದ ಎಡಗಡೆಗೆ ಜಾರುವುದಷ್ಟೇ ಕಾಣುತ್ತದೆ. ಅಧಿಕಾರ, ಜನರ ನಂಬಿಕೆ, ಅವನ ಭಯ ಎಂದು ಮೂರು ಬೇರೆ ಬೇರೆ ಅಂಕಿಗಳನ್ನು 0ಯಿಂದ 10ರವರೆಗೆ ಇಟ್ಟುಕೊಳ್ಳಿ. ನಂಬಿಕೆ ಏರಿಳಿಯಬಹುದು; ಅಧಿಕಾರ ಏರುವುದೇ ಹೊರತು ಇಳಿಯಬಾರದು; ಅಧಿಕಾರ ಒಂದು ಮೆಟ್ಟಿಲು ಏರಿದಾಗಲೆಲ್ಲ ಭಯವೂ ಒಂದು ಮೆಟ್ಟಿಲು ಏರಲಿ, ಕಳೆದುಕೊಳ್ಳಲು ಈಗ ಹೆಚ್ಚಿದೆಯಲ್ಲ. ಸಂಭಾಷಣೆ ಯಾವ ಕವಲಿಗೆ ಹೋಗಬೇಕೆಂಬುದನ್ನು ಭಯದ ಅಂಕಿಯೇ ನಿರ್ಧರಿಸಲಿ. ಕನ್ನಡ ಅಕ್ಷರಗಳ ವಿಷಯದಲ್ಲಿ ಒಂದು ಮಾತು: ಆಟ ಕಟ್ಟಲು ಉಚಿತವಾಗಿ ಸಿಗುವ ತಂತ್ರಾಂಶವಾದ ಗೋಡೋ ಎಂಜಿನ್ನಿನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರಗಳು ಮುರಿದು ಬೀಳುತ್ತಿದ್ದವು, 2023ರಲ್ಲಿ ಬಂದ 4ನೆಯ ಆವೃತ್ತಿಯಿಂದ ಆ ತಾಪತ್ರಯ ನೀಗಿದೆ.

ಕೆಡುವ ದೊರೆಯ ವಾದ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ಕಂಡುಕೊಂಡ ಉಪಾಯ ತಾಳಮದ್ದಳೆಯದು, ಎಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಊರಿನ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುವುದು ಇಲ್ಲಿನ ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕುಳಿತ ಅರ್ಥಧಾರಿ, ಪಾತ್ರದ ಮಾತಾಡುವ ಕಲಾವಿದ, ಕೌರವನ ಪಕ್ಷವನ್ನು ಎತ್ತಿ ಹಿಡಿದು ಮಾತಾಡುತ್ತಿದ್ದರೆ, ಮಾಟುಂಗದ ಸಭಾಂಗಣದಲ್ಲಿ ಕೂತ ನಮಗೆ ಸ್ವಲ್ಪ ಹೊತ್ತು ಕೃಷ್ಣನದೇ ತಪ್ಪೇನೋ ಅನಿಸುತ್ತದೆ. ನೀವೂ ಹಾಗೆಯೇ ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಳ್ಳಿ. ಅವರು ಮಂತ್ರಿ, ನೀವು ಪಾಳೆಯಗಾರ. ರಾಜಮುದ್ರೆಯನ್ನು ಏಕೆ ಹಿಂದಿರುಗಿಸಬಾರದು ಎಂಬುದನ್ನು ಹತ್ತು ನಿಮಿಷ ಸಮರ್ಥಿಸಿ. "ನನಗೆ ಬೇಕು, ಅದಕ್ಕೆ" ಎಂಬ ಉತ್ತರಕ್ಕೆ ನೀವು ಬಂದು ಮುಟ್ಟಿದ ನಿಮಿಷ ಯಾವುದೆಂದು ಬರೆದಿಟ್ಟುಕೊಳ್ಳಿ. ಅದು ಎರಡನೆಯ ನಿಮಿಷವಾದರೆ ಕಥೆಯನ್ನು ಇನ್ನೂ ಬರೆಯಬೇಕಾಗಿದೆ ಎಂದರ್ಥ.

ಮಾತಿನ ವಿಷಯದಲ್ಲಿ ಕನ್ನಡ ನಮಗೆ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಇಂಗ್ಲಿಷಿನ ಆಟಗಳು ಮುಖಭಾವದಿಂದ, ದನಿಯಿಂದ ತೋರಿಸಬೇಕಾದ ಬದಲಾವಣೆಯನ್ನು ನಾವು ಒಂದು ಸರ್ವನಾಮದಲ್ಲಿ ತೋರಿಸಬಹುದು. ಮೊದಲ ಅಧ್ಯಾಯದಲ್ಲಿ ಅವನು ಅಂಬಿಗನಿಗೂ "ನೀವು" ಎನ್ನಲಿ, ಊರವರು ಅವನನ್ನು "ಅಣ್ಣಾ" ಎಂದೇ ಕರೆಯಲಿ. ಆಮೇಲೆ "ದಣಿ", ಆಮೇಲೆ "ಪ್ರಭುಗಳು". ಅವನ "ನಾನು" ಎಲ್ಲಿ "ನಾವು" ಆಗುತ್ತದೆ ಎಂಬುದನ್ನು ತೂಗಿ ನೋಡಿ ಇಡಿ, ಏಕೆಂದರೆ "ನಾವು ಕೂಡಿ ಕೆರೆ ಕಟ್ಟೋಣ" ಎನ್ನುವಾಗಿನ "ನಾವು" ಬೇರೆ, "ನಾವು ಹೇಳಿದ್ದೇವಲ್ಲ" ಎನ್ನುವಾಗಿನದು ಬೇರೆ. "ಎಲೈ ಮೂಢ" ಎಂಬಂಥ ಕಂಪನಿ ನಾಟಕದ ಮಾತೂ, ಸೊಂಟಕ್ಕೆ ಕೈಯಿಟ್ಟು ನಗುವ ಅಟ್ಟಹಾಸವೂ ಖಂಡಿತ ಬೇಡ. ಕೆಟ್ಟ ಮೇಲೂ ಅವನು ಮೆಲ್ಲಗೆ, ಕಾಳಜಿಯ ದನಿಯಲ್ಲೇ ಮಾತಾಡಿದರೆ ಹೆಚ್ಚು ಭಯವಾಗುತ್ತದೆ.

ಅಂತಿಮ ಕಾಳಗದಲ್ಲಿ ಅವನು ಬಳಸುವ ಶಕ್ತಿಗಳೆಲ್ಲ ನಾವು ಕೊಟ್ಟವೇ ಆಗಿರಲಿ: ಹೆಬ್ಬಾಗಿಲಿನ ಕೀಲಿಕೈ ಕೊಟ್ಟಿದ್ದರೆ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಳ್ಳಲಿ, ಮುದ್ರೆ ಕೊಟ್ಟಿದ್ದರೆ ನಮ್ಮ ಜೊತೆಗಾರರೇ ಅವನ ಅಪ್ಪಣೆಗೆ ತಲೆಬಾಗಿ ಪಕ್ಕಕ್ಕೆ ಸರಿಯಲಿ. ಕಾಳಗವಿಲ್ಲದ ಮುಕ್ತಾಯವೂ ಒಂದಿರಲಿ. ಹೆಬ್ಬಾವಾದ ನಹುಷ ಭೀಮನನ್ನು ಸುತ್ತಿ ಹಿಡಿದಾಗ ಅವನನ್ನು ಬಿಡಿಸಿದ್ದು ಗದೆಯಲ್ಲ. ಹಾವು ಕೇಳಿದ ಪ್ರಶ್ನೆಗಳಿಗೆ ಧರ್ಮರಾಯ ಕೊಟ್ಟ ಉತ್ತರ. ಅದರಿಂದಲೇ ಹಾವಿಗೂ ಬಿಡುಗಡೆಯಾಯಿತು.

ಚಿತ್ರವನ್ನು ತಿದ್ದಿ, ಸೇರಿನ ಪ್ರಸಂಗವನ್ನು ಸೇರಿಸಿ, ಗಣೇಶ ಚೌತಿಯ ರಜೆಯಲ್ಲಿ ಮತ್ತೆ ಅದೇ ಹುಡುಗನಿಗೆ ಆಟವನ್ನು ಕೊಟ್ಟೆ. ಇಲ್ಲಿ ಹುಟ್ಟಿ ಬೆಳೆದ ಬಹಳ ಮಕ್ಕಳಂತೆ ಅವನಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಕುಳಿತು ನಾನೇ ಓದಿ ಹೇಳುತ್ತಿದ್ದೆ. ಎರಡು ಕೀಲಿಕೈಗಳನ್ನು ಅವನು ಹಿಂದೆಮುಂದೆ ನೋಡದೆ ಕೊಟ್ಟ. ಮುದ್ರೆಯ ಸರದಿ ಬಂದಾಗ ನಾನು ಪಾಳೆಯಗಾರನ ಮಾತನ್ನು ಓದಿದೆ: "ಮುದ್ರೆ ತಂದೆಯಾ? ಇಲ್ಲಿ ಇಡು." ಹುಡುಗನ ಬೆರಳು ಪರದೆಯ ಮೇಲೆ ನಿಂತಿತು. "ಮಾಮ, ಇಷ್ಟು ದಿನ 'ನೀವು' ಅಂತಿದ್ದ, ಈಗ ಯಾಕೆ ಹೀಗೆ?" ಎಂದ. ನಾನು ಉತ್ತರಿಸಲಿಲ್ಲ. ಕೊಡು, ಕೊಡಬೇಡ ಎಂಬ ಎರಡು ಗುಂಡಿಗಳನ್ನೂ ಸ್ವಲ್ಪ ಹೊತ್ತು ನೋಡಿ, ಫೋನನ್ನು ಹಾಸಿಗೆಯ ಮೇಲೆ ಮಗುಚಿಟ್ಟು, ಮೋದಕ ಆಯಿತಾ ಎಂದು ಕೇಳುತ್ತ ಅಡುಗೆಮನೆಗೆ ಹೋದ.