ತೆರೆಯೋದಲ್ಲ, ಹಿಡಿಯೋದು: ಬಸಿರಿನ ಸೊಂಟನೋವು, ಪಿಲಾಟೀಸ್, ನನ್ನ ಅನುಭವ

ಎರಡನೇ ಮಗು ಹೊಟ್ಟೆಯಲ್ಲಿತ್ತು. ಆರನೇ ತಿಂಗಳಲ್ಲಿ ನೋವು ಶುರುವಾಯಿತು. ರಾತ್ರಿ ಮಗ್ಗುಲು ಬದಲಿಸಿದರೆ ತೊಡೆಸಂದಿಯ ನಡುವಿನ ಮೂಳೆ ಕಿತ್ತುಕೊಂಡು ಬಂದ ಹಾಗೆ. ಒಂದು ಕಾಲೆತ್ತಿ ಪ್ಯಾಂಟ್ ಹಾಕೋಕೂ ಆಗುತ್ತಿರಲಿಲ್ಲ. ನಮ್ಮದು ತುಮಕೂರಿನ ಕುವೆಂಪು ನಗರದಲ್ಲಿ ಮೊದಲನೇ ಮಹಡಿ ಮನೆ. ದಿನಕ್ಕೆ 5 ಪೀರಿಯಡ್ ನಿಂತು ಪಾಠ ಮಾಡಿ, ಹಂಪ್ ಹಾರಿಸೋ ಆಟೋದಲ್ಲಿ ಬಂದಿಳಿದು, ಆ 18 ಮೆಟ್ಟಿಲು ನೋಡಿದರೆ ಅಳು ಬರುತ್ತಿತ್ತು.

ಮೊದಲು ತೋರಿಸಿದ ಡಾಕ್ಟರು "ಬಸಿರಲ್ಲಿ ಇದೆಲ್ಲಾ ಇರೋದೇ ಕಣಮ್ಮ" ಅಂದು ಕಳಿಸಿದರು. ಅತ್ತೆ, ಪಕ್ಕದ ಮನೆ ಆಂಟಿ, ಸ್ಟಾಫ್ ರೂಮಿನವರು ಎಲ್ಲರದ್ದೂ ಒಂದೇ ಮಾತು. ಕುಕ್ಕರುಗಾಲಲ್ಲಿ ಕೂತು ನೆಲ ಒರೆಸು, ಬಟರ್‌ಫ್ಲೈ (ಅಂಗಾಲು ಜೋಡಿಸಿ ಕೂತು ಮಂಡಿ ಅಗಲಿಸೋದು) ಮಾಡು, ಸೊಂಟ ಸಡಿಲ ಆದರೆ ನಾರ್ಮಲ್ ಡೆಲಿವರಿ ಆಗುತ್ತೆ. ಪ್ರೀತಿಯಿಂದಲೇ ಹೇಳಿದ್ದು. ನಾನೂ ವಿಡಿಯೋ ನೋಡಿಕೊಂಡು 10 ದಿನ ಮಾಡಿದೆ. ನೋವು ಇನ್ನೂ ಜಾಸ್ತಿ ಆಯಿತು.

ಆಮೇಲೆ ಬೇರೆ ಡಾಕ್ಟರು ಪರೀಕ್ಷೆ ಮಾಡಿ, ಮೂತ್ರದ ಸೋಂಕು ಏನೂ ಇಲ್ಲ ಅಂತ ನೋಡಿಕೊಂಡು, ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಬಸುರಿಯರಿಗೆ ಪಿಲಾಟೀಸ್ ಹೇಳಿಕೊಡೋರು, ಅಂದರೆ ಉಸಿರಿನ ಜೊತೆ ಹೊಟ್ಟೆ, ಸೊಂಟದ ಸ್ನಾಯುಗಳನ್ನು ಹಿಡಿತಕ್ಕೆ ತರೋ ನಿಧಾನದ ವ್ಯಾಯಾಮ. ಇದಕ್ಕೆ ಪೆಲ್ವಿಕ್ ಗರ್ಡಲ್ ಪೇನ್, ಅಂದರೆ ಸೊಂಟದ ಕೀಲುಗಳ ನೋವು ಅಂತಾರೆ, ಸುಮಾರು 5 ಬಸುರಿಯರಲ್ಲಿ ಒಬ್ಬರಿಗೆ ಬರುತ್ತೆ ಅಂದರು. ಸೊಂಟದ ಮೂಳೆಗಳಿಗೆ ಮುಂದೆ ಒಂದು ಕೀಲು, ಹಿಂದೆ ಎರಡು. ಬಸಿರಲ್ಲಿ ಹಾರ್ಮೋನಿನಿಂದ ಅವುಗಳ ಕಟ್ಟು ಸಡಿಲ ಆಗುತ್ತೆ. ಎರಡೂ ಕಡೆ ಒಂದೇ ಸಮ ಅಲ್ಲಾಡದಿದ್ದರೆ ನೋವು. "ಸಡಿಲ ಆಗಿರೋ ಕೀಲನ್ನೇ ನೀವು ಇನ್ನೂ ಎಳೀತಾ ಇದ್ದೀರಲ್ಲ ಮೇಡಂ. ನಿಮಗೆ ಬೇಕಿರೋದು ತೆರೆಯೋದಲ್ಲ, ಹಿಡಿಯೋದು" ಅಂದರು. ಪಿಲಾಟೀಸ್ ಶುರು ಮಾಡಿದ ಜೋಸೆಫ್ ಪಿಲಾಟೀಸ್ ಅದನ್ನು ಕಂಟ್ರಾಲಜಿ ಅಂತಲೇ ಕರೆಯುತ್ತಿದ್ದರಂತೆ. ಹಿಡಿತ ಅನ್ನೋದು ಹೆಸರಲ್ಲೇ ಇದೆ, ಅಲ್ವಾ?

ವಾರಕ್ಕೆ 2 ದಿನ ಅವರ ಮುಂದೆ, ಉಳಿದ ದಿನ ಮನೆಯಲ್ಲಿ 15 ನಿಮಿಷ. ಮೊದಲ ವಾರ ಬರೀ ಉಸಿರು. ಉಸಿರು ಬಿಡುತ್ತಾ ಮೂತ್ರ ತಡೆಹಿಡಿಯುವ ಹಾಗೆ ಕೆಳಗಿನ ಸ್ನಾಯುವನ್ನು ಮೆಲ್ಲಗೆ ಮೇಲಕ್ಕೆ ಎಳೆಯೋದು, ಮಗುವನ್ನು ಅಪ್ಪಿಕೊಂಡ ಹಾಗೆ ಕಿಬ್ಬೊಟ್ಟೆ ಒಳಗೆ ತಗೊಳ್ಳೋದು, ಉಸಿರು ಎಳೆದುಕೊಳ್ಳುವಾಗ ಪೂರ್ತಿ ಬಿಡೋದು. ಆ ಬಿಡೋದನ್ನೇ ನಾನು ಮರೆಯುತ್ತಿದ್ದೆ. ಆಮೇಲೆ ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ದಿಂಬಿಟ್ಟು 5 ಸೆಕೆಂಡ್ ಮೆಲ್ಲಗೆ ಒತ್ತೋದು. ಮಂಡಿ, ಅಂಗೈ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲೆತ್ತಿ ಇಳಿಸೋದು. ಮಗ್ಗುಲಲ್ಲಿ ಮಲಗಿ ಮೇಲಿನ ಮಂಡಿಯನ್ನು ಸ್ವಲ್ಪವೇ ಸ್ವಲ್ಪ ಎತ್ತೋದು. ಇದರಲ್ಲಿ ನಾನು ಯಾವಾಗಲೂ ಜಾಸ್ತಿ ಎತ್ತುತ್ತಿದ್ದೆ, ಸೊಂಟ ಹಿಂದಕ್ಕೆ ಉರುಳುತ್ತಿತ್ತು, ಅವರು ಕೈ ಇಟ್ಟು ತಡೆಯೋರು. ವಿಡಿಯೋ ನೋಡಿ ಮಾಡಿದ್ದರೆ ಈ ತಪ್ಪು ಯಾರಿಗೆ ಗೊತ್ತಾಗುತ್ತಿತ್ತು? ಅಂಗಾತ ಮಲಗಿ ಮಾಡೋದು ಒಂದೂ ಇರಲಿಲ್ಲ, ಆ ತಿಂಗಳಲ್ಲಿ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತೆ. ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ರಕ್ತ, ನೀರು ಹೋದರೆ, ತಲೆ ಸುತ್ತಿದರೆ, ಮಗು ಅಲ್ಲಾಡೋದು ಕಡಿಮೆ ಅನಿಸಿದರೆ ಸೀದಾ ಆಸ್ಪತ್ರೆಗೆ.

ವ್ಯಾಯಾಮದಷ್ಟೇ ಮುಖ್ಯ ಆಗಿದ್ದು ಉಳಿದ ಹೊತ್ತು. ಹಾಸಿಗೆಯಲ್ಲಿ ಮಂಡಿ ಎರಡೂ ಜೋಡಿಸಿ ಮಗ್ಗುಲಾದೆ. ಆಟೋದಲ್ಲಿ ಮೊದಲು ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಮೆಟ್ಟಿಲು ಒಂದೊಂದೇ, ಎರಡೂ ಕಾಲಿಟ್ಟು ಮುಂದಿನದಕ್ಕೆ. ಮುದ್ದೆ ತೊಳಸೋದು ನಮ್ಮ ಯಜಮಾನರ ಪಾಲಿಗೆ ಹೋಯಿತು. ಸೀಮಂತದಲ್ಲಿ ಮಣೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲ್ಲ, ಕುರ್ಚಿ ಬೇಕು ಅಂದೆ. ಅತ್ತೆಗೆ ಬೇಜಾರಾಯಿತು. ಆದರೂ ಕುರ್ಚಿಗೆ ಹೊಸ ಟವಲ್ ಹಾಸಿದವರು ಅವರೇ.

ಮೂರು ವಾರಕ್ಕೆ ರಾತ್ರಿ ನಿದ್ದೆ ಬಂತು. ನೋವು ಪೂರ್ತಿ ಹೋಗಲಿಲ್ಲ, ಜಾಸ್ತಿ ಓಡಾಡಿದ ದಿನ ಬರುತ್ತಿತ್ತು. ಆದರೆ ರಜೆ ಹಾಕೋವರೆಗೂ ಪಾಠ ಮಾಡಿದೆ, ಸ್ಟೂಲ್ ಮೇಲೆ ಕೂತು.

ಒಂಬತ್ತನೇ ತಿಂಗಳಲ್ಲಿ ಫಿಸಿಯೋ ಮೇಡಂ ನೋವಿಲ್ಲದೆ ಮಂಡಿ ಎಷ್ಟು ಅಗಲ ಆಗುತ್ತೆ ಅಂತ ಟೇಪಿನಲ್ಲಿ ಅಳೆದು, ಹೆರಿಗೆ ಹೊತ್ತಲ್ಲಿ ಕಾಲು ಅದಕ್ಕಿಂತ ಅಗಲಿಸದಿರಲಿ ಅಂತ ನನ್ನ ಫೈಲಿನ ಮೊದಲ ಪುಟದಲ್ಲಿ ಬರೆದುಕೊಟ್ಟರು. ಲೇಬರ್ ರೂಮಿನಲ್ಲಿ ಅದನ್ನು ಸಿಸ್ಟರ್‌ಗೆ ತೋರಿಸಿದೆ. ಅವರು ಓದಿ ನನ್ನನ್ನು ಎಡಮಗ್ಗುಲಿಗೆ ಮಲಗಿಸಿದರು, ಮೇಲಿನ ಕಾಲನ್ನು ಇನ್ನೊಬ್ಬ ಸಿಸ್ಟರ್ ಹಿಡಿದುಕೊಂಡರು, ಮಗಳು ಹಾಗೇ ಹುಟ್ಟಿದಳು.